ಸೂಪ್ ಮಿಕ್ಸ್ ಬಾಟಲಿ: ಹುಳು ಬಾರದ ಹಾಗೆ, ಕಾಳು ಒಟ್ಟಿಗೆ ಬೇಯುವ ಹಾಗೆ

ಪ್ರಶ್ನೆ: ನಾವು ಧಾರವಾಡ ಕಡೆಯವರು, ಡೊಂಬಿವಲಿಯಲ್ಲಿದ್ದೇವೆ. ದೀಪಾವಳಿಗೆ ಬಿಲ್ಡಿಂಗಿನಲ್ಲಿ ಎಲ್ಲರೂ ಫರಾಳ ಹಂಚುತ್ತಾರೆ. ಚಕ್ಕಲಿ, ಕರಂಜಿ, ಚಿವಡಾ ಎಲ್ಲರ ಮನೆಯಲ್ಲೂ ಇದ್ದೇ ಇರುತ್ತದೆ. ಅದಕ್ಕೇ ಈ ಸಲ ಮನೆಯಲ್ಲೇ ಮಾಡಿದ ಒಣ ಸೂಪ್ ಮಿಕ್ಸನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಹನ್ನೆರಡು ಮನೆಗೆ ಕೊಡೋಣ ಅಂದುಕೊಂಡಿದ್ದೇನೆ. ಆಗಸ್ಟಿನಲ್ಲಿ ಪರೀಕ್ಷೆಗೆ ಅಂತ ಮೂರು ಬಾಟಲಿ ಮಾಡಿದೆ. ರಾಜ್ಮಾ, ಹೆಸರುಕಾಳು, ತೊಗರಿಬೇಳೆ, ಮಸೂರ್ ಬೇಳೆ ಪದರ ಪದರವಾಗಿ ಹಾಕಿ, ಮೇಲೆ ಉಪ್ಪು, ಟೊಮೆಟೊ ಪುಡಿ, ಮಸಾಲೆ ತುಂಬಿದೆ. ನೋಡಲು ತುಂಬಾ ಚೆಂದ ಇತ್ತು. ಮೂರು ವಾರದಲ್ಲಿ ಒಂದರಲ್ಲಿ ಪುಡಿ ಗಟ್ಟಿಯಾಯಿತು. ಇನ್ನೊಂದರಲ್ಲಿ ಹುಳು ಬಂತು. ಮೂರನೆಯದನ್ನು ಪುಣೆಯ ತಂಗಿ ಬೇಯಿಸಿದಳು. ಬೇಳೆ ಕರಗಿಹೋಯಿತು, ರಾಜ್ಮಾ ಹಾಗೇ ಗಟ್ಟಿ ಉಳಿಯಿತಂತೆ. ಎಲ್ಲಿ ತಪ್ಪಾಯಿತು? ನಮ್ಮ ಮಹಡಿಯಲ್ಲಿ ಜೈನರ ಮನೆಗಳಿವೆ, ಅವರಿಗೆ ಏನು ಹಾಕಬೇಕು? ಮಡಗಾಂವಿನ ಅತ್ತಿಗೆಗೂ ಕಳಿಸಬೇಕು. ಎಷ್ಟು ದಿನ ಕೆಡದೆ ಇರುತ್ತದೆ? ಇದನ್ನು ಮಾರಬಹುದಲ್ಲ ಅಂತಲೂ ಒಬ್ಬರು ಹೇಳಿದರು.

ಉತ್ತರ: ನಿಮ್ಮ ಮೂರು ಬಾಟಲಿಗಳೂ ಮೂರು ಬೇರೆ ಬೇರೆ ಕಾರಣಕ್ಕೆ ಕೆಟ್ಟಿವೆ. ಮೂರಕ್ಕೂ ಪರಿಹಾರ ಇದೆ. ಆದರೆ ಅದಕ್ಕೂ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಪದರದ ಬಣ್ಣ ನೋಡಿ ಕಾಳು ಆರಿಸಬೇಡಿ. ನೀವು ಕೊಟ್ಟ ದಿನ ಬಾಟಲಿಯನ್ನು ಎಲ್ಲರೂ ಹೊಗಳುತ್ತಾರೆ. ಆಮೇಲೆ ಅದು ಅಡುಗೆಮನೆಯ ಕಪಾಟು ಸೇರುತ್ತದೆ. ಯಾವತ್ತೋ ಒಂದು ದಿನ ಆಫೀಸಿನಿಂದ ಲೋಕಲ್ ಹಿಡಿದು ಎಂಟೂವರೆಗೆ ಮನೆ ಮುಟ್ಟಿದವರು, ಏನು ಮಾಡಲೂ ತ್ರಾಣ ಇಲ್ಲದೆ, ಅದನ್ನು ಕುಕ್ಕರಿಗೆ ಸುರಿಯುತ್ತಾರೆ. ಆ ಹೊತ್ತಿನಲ್ಲಿ ಎಲ್ಲ ಕಾಳೂ ಒಟ್ಟಿಗೆ ಬೇಯಬೇಕು. ಉಡುಗೊರೆ ಕೆಲಸಕ್ಕೆ ಬರುವುದು ಆಗಲೇ.

ಹಾಗಾಗಿ ತಂಗಿಯ ಬಾಟಲಿಯಿಂದ ಶುರು ಮಾಡೋಣ. ಮೂರರಲ್ಲಿ ಮುಖ್ಯವಾದ ತೊಂದರೆ ಅದೇ.

ತೆರೆದ ಪಾತ್ರೆಯಲ್ಲಿ ಮಸೂರ್ ಬೇಳೆ ಸುಮಾರು 15ರಿಂದ 20 ನಿಮಿಷದಲ್ಲಿ ಬೇಯುತ್ತದೆ. ಹೆಸರುಬೇಳೆಗೆ ಸ್ವಲ್ಪ ಜಾಸ್ತಿ. ತೊಗರಿಬೇಳೆಗೆ ಅದರ ಎರಡರಷ್ಟು ಹೊತ್ತು ಬೇಕು. ರಾಜ್ಮಾವನ್ನು ರಾತ್ರಿಯಿಡೀ ನೆನೆಸಿಟ್ಟರೂ ಒಂದು ಗಂಟೆ ಹಿಡಿಯುತ್ತದೆ. ನೆನೆಸದಿದ್ದರೆ ಕೇಳಲೇಬೇಡಿ. ಇಷ್ಟು ಬೇರೆ ಬೇರೆ ಹೊತ್ತಿಗೆ ಬೇಯುವುದನ್ನು ಒಂದೇ ಬಾಟಲಿಗೆ ಹಾಕಿದರೆ ಬೇಯಿಸುವವರು ಏನು ಮಾಡಬೇಕು? ಬೇಳೆಗೆ ತಕ್ಕಂತೆ ಇಳಿಸಿದರೆ ರಾಜ್ಮಾ ಬೇಯಲ್ಲ, ರಾಜ್ಮಾಕ್ಕೆ ಕಾದರೆ ತಳ ಹಿಡಿಯುತ್ತದೆ.

ರಾಜ್ಮಾ ಬಗ್ಗೆ ಇನ್ನೊಂದು ವಿಷಯ ಇದೆ. ಇದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ. ಹಸಿ ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ವಿಷದ ಅಂಶ ಇರುತ್ತದೆ. ನಾಲ್ಕೈದು ಹಸಿ ಕಾಳು ಹೊಟ್ಟೆಗೆ ಹೋದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕಾಳನ್ನು ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷವಾದರೂ ಕೊತಕೊತ ಕುದಿಸಿದರೆ ಆ ಅಂಶ ನಾಶವಾಗುತ್ತದೆ. ಅರ್ಧ ಗಂಟೆ ಕುದಿಸಿದರೆ ಇನ್ನೂ ಒಳ್ಳೆಯದು. ಕುಕ್ಕರಿನಲ್ಲಿ ಸರಿಯಾಗಿ ಬೆಂದರೆ ಭಯವಿಲ್ಲ. ಅಪಾಯ ಇರುವುದು ಸಣ್ಣ ಬಿಸಿಯಲ್ಲಿ. ಕುದಿಯುವ ಮಟ್ಟ ಮುಟ್ಟದೆ ಗಂಟೆಗಟ್ಟಲೆ ಬೆಚ್ಚಗಿದ್ದರೆ ವಿಷ ಕಡಿಮೆಯಾಗುವುದಿಲ್ಲ, ಹಸಿ ಕಾಳಿಗಿಂತ ಹೆಚ್ಚೇ ಆಗಬಹುದು. ನಮ್ಮ ಮನೆಗಳಲ್ಲಿ ಕುಕ್ಕರ್ ಇಲ್ಲದ ಒಲೆ ಇಲ್ಲ, ನಿಜ. ಆದರೆ ಉಡುಗೊರೆ ಯಾರ ಕೈಗೆ ಹೋಗುತ್ತದೋ ನಮಗೆ ಗೊತ್ತಿರಲ್ಲ. ಪುಣೆಯ ಪಿಜಿಯಲ್ಲಿ ಕರೆಂಟಿನ ಕೆಟಲ್ ಒಂದೇ ಇಟ್ಟುಕೊಂಡಿರುವ ಹುಡುಗನ ಕೈಗೂ ಹೋಗಬಹುದು. ಸೂಪ್ ಅಂದಮೇಲೆ ಬಿಸಿ ನೀರು ಸಾಕು ಅಂತ ಅವನಿಗೆ ಅನ್ನಿಸುವುದು ಸಹಜ ಅಲ್ವಾ? ಕೊಡುವ ಬಾಟಲಿಯಲ್ಲಿ ರಾಜ್ಮಾ ಬೇಡವೇ ಬೇಡ. ಎಷ್ಟೇ ಕೆಂಪಗೆ, ಹೊಳೆಯುತ್ತಾ ಕಂಡರೂ ಸರಿ.

ಕಾಳು ಬೇಯದಿರುವುದಕ್ಕೆ ಇನ್ನೂ ಮೂರು ಕಾರಣ ಇರುತ್ತವೆ. ನಿಮ್ಮ ಬಾಟಲಿಯಲ್ಲಿ ಅವುಗಳಲ್ಲಿ ಒಂದಂತೂ ಖಂಡಿತ ಇತ್ತು.

ಅದು ಹುಳಿ. ಬೇಳೆ ಬೆಂದ ಮೇಲೆಯೇ ಹುಣಸೆ ರಸ ಹಾಕಬೇಕು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದಕ್ಕೆ ಕಾರಣ ಇದೆ. ಕಾಳಿನ ಒಳಗಿನ ಕಣಗಳನ್ನು ಪೆಕ್ಟಿನ್ ಎಂಬ ಅಂಟು ಹಿಡಿದಿಟ್ಟಿರುತ್ತದೆ. ಬೇಯುವುದು ಅಂದರೆ ಆ ಅಂಟು ಬಿಡುವುದು. ನೀರು ಹುಳಿಯಾಗಿದ್ದರೆ ಅದು ಬೇಗ ಬಿಡುವುದಿಲ್ಲ. ನೀವು ಟೊಮೆಟೊ ಪುಡಿಯನ್ನು ಕಾಳಿನ ಜೊತೆಗೇ ತುಂಬಿದ್ದೀರಿ. ತಂಗಿ ಎಲ್ಲವನ್ನೂ ಒಟ್ಟಿಗೆ ನೀರಿಗೆ ಹಾಕಿರುತ್ತಾರೆ. ಮೊದಲ ನಿಮಿಷದಿಂದಲೇ ಹುಳಿ ನೀರಿನಲ್ಲಿ ಕೂತ ರಾಜ್ಮಾ ಬೇಯುವುದಾದರೂ ಹೇಗೆ?

ಎರಡನೆಯದು ನೀರು. ಪುಣೆಯ ಹೊರವಲಯದ ಎಷ್ಟೋ ಸೊಸೈಟಿಗಳು ಟ್ಯಾಂಕರ್ ಮತ್ತು ಬೋರ್‌ವೆಲ್ ನೀರಿನ ಮೇಲೆ ನಿಂತಿವೆ. ಆ ನೀರು ಹೆಚ್ಚಾಗಿ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಆ ಪೆಕ್ಟಿನ್ ಅಂಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಮುಂಬಯಿಗೆ ಬರುವುದು ಭಾತ್ಸಾ, ವೈತರಣಾ, ತಾನ್ಸಾದಂಥ ಕೆರೆಗಳ ಮಳೆನೀರು. ಅದರಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತದೆ. ಅದೇ ಬೇಳೆ, ಅದೇ ಕುಕ್ಕರ್, ಪುಣೆಗೆ ಹೋದರೆ ಎರಡು ವಿಸಿಲ್ ಜಾಸ್ತಿ ಕೇಳುತ್ತದೆ. ತಂಗಿಯ ಮನೆಗೂ ಟ್ಯಾಂಕರ್ ಬರುತ್ತಿದ್ದರೆ ಬೇಳೆಯನ್ನು ಆರ್‌ಒ ನೀರಿನಲ್ಲಿ ಬೇಯಿಸಲು ಹೇಳಿ. ಅಡುಗೆ ಸೋಡಾ ಒಂದು ಚಿಟಿಕೆ ಹಾಕಿದರೂ ಬೇಯುತ್ತದೆ, ಆದರೆ ರುಚಿ ಸ್ವಲ್ಪ ಸಪ್ಪೆ.

ಮೂರನೆಯದು ಹಳೇ ಮಾಲು. ಸೆಕೆ ಮತ್ತು ತೇವ ಎರಡೂ ಇರುವ ಕಡೆ ತಿಂಗಳುಗಟ್ಟಲೆ ಕೂತ ಕಾಳು ಒಳಗೇ ಬಿರುಸಾಗುತ್ತದೆ. ಅದನ್ನು ಎಷ್ಟು ಬೇಯಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಮುಂಬಯಿಯ ಮಳೆಗಾಲ ಕಳೆದ ಗೋಣಿಚೀಲದಲ್ಲಿ ಅಂಥ ಕಾಳು ಸಿಗುವ ಸಾಧ್ಯತೆ ಜಾಸ್ತಿ. ನೀವು ಧಾರವಾಡದವರು, ನಿಮಗೆ ಇದರಲ್ಲಿ ಒಂದು ಅನುಕೂಲ ಇದೆ. ಧಾರವಾಡ, ಗದಗ ಭಾಗದ ಮುಂಗಾರಿನ ಹೆಸರು ಆಗಸ್ಟ್, ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬರುತ್ತದೆ. ಗಣಪತಿ ಹಬ್ಬಕ್ಕೆ ಊರಿಗೆ ಹೋಗಿ ಬರುವವರು ಯಾರಾದರೂ ಇದ್ದರೆ ಹೊಸ ಹೆಸರುಬೇಳೆ ತರಿಸಿಕೊಳ್ಳಿ. ದೀಪಾವಳಿ ಹೊತ್ತಿಗೆ ಹೊಸ ತೊಗರಿ ಬಂದಿರುವುದಿಲ್ಲ, ಅದು ಡಿಸೆಂಬರ್ ಕಳೆದ ಮೇಲಿನ ಮಾತು. ಇದೂ ತೊಗರಿಯನ್ನು ಈ ಬಾಟಲಿಯಿಂದ ಬಿಡಲು ಒಂದು ಕಾರಣ.

ಈಗ ಗಟ್ಟಿಯಾದ ಬಾಟಲಿ. ಇದು ಉಪ್ಪು ಮತ್ತು ಟೊಮೆಟೊ ಪುಡಿಯ ಕೆಲಸ. ಗಾಳಿಯ ತೇವ ಶೇ. 75 ದಾಟಿತು ಅಂದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಒದ್ದೆಯಾಗುತ್ತದೆ. ಜುಲೈ, ಆಗಸ್ಟಿನಲ್ಲಿ ಮುಂಬಯಿಯ ತೇವ ಶೇ. 80ಕ್ಕಿಂತ ಮೇಲೇ ಇರುತ್ತದೆ. ಟೊಮೆಟೊ ಪುಡಿಯಲ್ಲಿ ಸಕ್ಕರೆ ಅಂಶ ಇರುವುದರಿಂದ ಅದು ಇನ್ನೂ ಬೇಗ ಅಂಟುತ್ತದೆ. ನೀವು ತುಂಬುವಾಗ ಒಣಗಿದ್ದಂತೆ ಕಂಡರೂ, ಡಬ್ಬ ತೆರೆದು ಮುಚ್ಚುವ ಆ ಹತ್ತು ನಿಮಿಷದಲ್ಲಿ ಹೀರಿಕೊಂಡ ತೇವವೇ ಸಾಕು. ಬರೀ ಗಂಟಾಗಿದ್ದರೆ ಅದು ರುಚಿಯ ನಷ್ಟ ಅಷ್ಟೇ. ಗಂಟಿನ ಜೊತೆ ಮುಗ್ಗಲು ವಾಸನೆ ಬಂದರೆ ಅಥವಾ ಬೂದು ಬಣ್ಣ ಕಂಡರೆ ಇಡೀ ಬಾಟಲಿಯನ್ನು ಎಸೆಯಿರಿ. ಮೇಲಿನದನ್ನು ತೆಗೆದು ಕೆಳಗಿನದನ್ನು ಬಳಸುವ ಕೆಲಸ ಮಾಡಬೇಡಿ.

ಇದಕ್ಕೆ ಸುಲಭದ ದಾರಿ: ಉಪ್ಪನ್ನೇ ಹಾಕಬೇಡಿ. ಎಲ್ಲರ ಮನೆಯಲ್ಲೂ ಉಪ್ಪಿದೆ. ಎಷ್ಟು ಬೇಕು ಅಂತ ಅವರವರಿಗೆ ಗೊತ್ತು, ಬಿಪಿ ಇರುವವರಿಗೂ ಅನುಕೂಲ. ಟೊಮೆಟೊ ಪುಡಿಯನ್ನೂ ಬಿಡಿ. ಹುಳಿಗೆ ಆಮ್ಚೂರ್ (ಒಣ ಮಾವಿನಕಾಯಿ ಪುಡಿ) ಅಥವಾ ಒಣ ಕೋಕಂ ಚೆನ್ನಾಗಿ ನಿಲ್ಲುತ್ತದೆ. ಆದರೆ ಕೋಕಂ ಕೂಡ ಸ್ವಲ್ಪ ಮೆತ್ತಗೇ ಇರುತ್ತದೆ, ಅಂಗಡಿಯದ್ದರಲ್ಲಿ ಉಪ್ಪೂ ಇರುತ್ತದೆ. ಅದನ್ನು ಚಿಕ್ಕ ಜಿಪ್ ಪೊಟ್ಟಣದಲ್ಲಿ ಬೇರೆಯಾಗಿಯೇ ಇಡಬೇಕು. ಬೇರೆ ಇಟ್ಟರೆ ತೇವ ಕಾಳಿಗೆ ತಾಗುವುದಿಲ್ಲ, ಬೇಯಿಸುವವರೂ ಅದನ್ನು ಕೊನೆಗೇ ಹಾಕುತ್ತಾರೆ.

ಸಿಲಿಕಾ ಜೆಲ್ ಪೊಟ್ಟಣ ಹಾಕಬಹುದೇ ಅಂತ ಎಷ್ಟೋ ಜನ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ಸರಿಯಾಗಿ ಒಣಗಿಸಿದ್ದಕ್ಕೆ ಅದು ಬೇಕಾಗುವುದಿಲ್ಲ. ಸೂಪ್ ಮಿಕ್ಸಿನಲ್ಲಿ ಮೊದಲೇ ಚಿಕ್ಕ ಚಿಕ್ಕ ಪೊಟ್ಟಣಗಳಿರುತ್ತವೆ. ಕಣ್ಣು ಸರಿಯಾಗಿ ಕಾಣದ ಹಿರಿಯರು ಮಸಾಲೆ ಅಂದುಕೊಂಡು ಅದನ್ನೇ ಕತ್ತರಿಸಿ ಪಾತ್ರೆಗೆ ಸುರಿದರೆ?

ಇನ್ನು ಹುಳು. ಅದು ಬಾಟಲಿಗೆ ಹೊರಗಿನಿಂದ ಬಂದದ್ದಲ್ಲ, ನಿಮ್ಮ ಹೆಸರುಕಾಳಿನ ಜೊತೆಗೇ ಬಂದಿದೆ. ಒಂದು ಹಿಡಿ ಇಡೀ ಹೆಸರುಕಾಳನ್ನು ಕಿಟಕಿಯ ಬೆಳಕಿನಲ್ಲಿ ಬಿಳಿ ತಟ್ಟೆಯ ಮೇಲೆ ಹರಡಿ ನೋಡಿ. ಹಸಿರು ಸಿಪ್ಪೆಯ ಮೇಲೆ ಗಸಗಸೆಗಿಂತ ಚಿಕ್ಕ ಬಿಳಿ ಚುಕ್ಕೆ ಅಂಟಿರುವುದು ಕಾಣಬಹುದು. ಉಗುರಿನಿಂದ ಕೆರೆದರೂ ಬೇಗ ಬರುವುದಿಲ್ಲ. ಅದು ಮೊಟ್ಟೆ. ಅದರೊಳಗಿನ ಮರಿ ಸಿಪ್ಪೆ ಕೊರೆದು ಕಾಳಿನ ಒಳಗೆ ಹೋಗುತ್ತದೆ, ಅಲ್ಲೇ ತಿಂದು ಬೆಳೆಯುತ್ತದೆ, ಮೂರ್ನಾಲ್ಕು ವಾರದಲ್ಲಿ ದುಂಡನೆಯ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ನಿಮ್ಮ ಮೂರು ವಾರದ ಲೆಕ್ಕ ಇದಕ್ಕೆ ಸರಿಹೊಂದುತ್ತದೆ. ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ಇದನ್ನು ತಡೆಯಲು ಆಗಲ್ಲ. ಈ ಹುಳುವಿಗೆ ಇಷ್ಟ ಇಡೀ ಕಾಳು. ಸಿಪ್ಪೆ ತೆಗೆದು ಒಡೆದ ಬೇಳೆಯಲ್ಲಿ ಇದರ ಕಾಟ ತೀರಾ ಕಡಿಮೆ.

ಬೇಳೆಯಾದರೂ ಹುರಿಯದೆ ತುಂಬಬೇಡಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ. ಬಣ್ಣ ಬದಲಾಗಬಾರದು, ಕೈಯಲ್ಲಿ ಹಿಡಿಯಲು ಆಗದಷ್ಟು ಬಿಸಿಯಾಗಬೇಕು. ಅಷ್ಟು ಬಿಸಿಗೆ ಮೊಟ್ಟೆಯೂ ಸಾಯುತ್ತದೆ, ಮೇಲ್ಮೈ ತೇವವೂ ಹೋಗುತ್ತದೆ. ಬೇರೆ ಬೇರೆ ಬೇಳೆಯನ್ನು ಬೇರೆ ಬೇರೆಯಾಗಿ ಹುರಿಯಿರಿ. ಅಗಲವಾದ ತಟ್ಟೆಗೆ ಹರಡಿ ಪೂರ್ತಿ ಆರಲು ಬಿಡಿ. ಪೂರ್ತಿ ಅಂದರೆ ತಟ್ಟೆಯ ತಳ ಮುಟ್ಟಿದಾಗ ತಣ್ಣಗಿರಬೇಕು. ಸ್ವಲ್ಪ ಬೆಚ್ಚಗಿದ್ದಾಗ ತುಂಬಿ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕೂರುತ್ತದೆ, ಅದು ಕಾಳಿನ ಮೇಲೇ ಬೀಳುತ್ತದೆ. ಆದರೆ ಆರಲು ಅಂತ ರಾತ್ರಿಯಿಡೀ ಹೊರಗೆ ಬಿಡಲೂಬೇಡಿ. ಹುರಿದ ಬೇಳೆ ಮುಂಬಯಿ ಗಾಳಿಯಿಂದ ಮತ್ತೆ ತೇವ ಹೀರುತ್ತದೆ. ಆ ದಿನವೇ ಬಾಟಲಿಗೆ ಹೋಗಬೇಕು.

ಹುರಿದರೆ ಮಸೂರಿನ ಬಣ್ಣ ಮಾಸುತ್ತದೆ ಅನ್ನಿಸಿದರೆ ಫ್ರೀಜರ್ ಬಳಸಿ. ಮೈನಸ್ 18 ಡಿಗ್ರಿ ಮುಟ್ಟುವ ಫ್ರೀಜರಿನಲ್ಲಿ ಗಟ್ಟಿ ಜಿಪ್ ಚೀಲದಲ್ಲಿ ನಾಲ್ಕು ದಿನ. ಹೊರಗೆ ತೆಗೆದ ಮೇಲೆ ಚೀಲ ತೆರೆಯದೆ ಮೂರ್ನಾಲ್ಕು ಗಂಟೆ ಹಾಗೇ ಬಿಡಿ. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಬೇಳೆಯ ಮೇಲೆ ಇಬ್ಬನಿ ಹಾಗೆ ಕೂತುಬಿಡುತ್ತದೆ. ಮಾಡಿದ್ದೆಲ್ಲ ವ್ಯರ್ಥ.

ಈಗ ಏನು ತುಂಬಬೇಕು ಅನ್ನುವುದಕ್ಕೆ ಬರುತ್ತೇನೆ. ಅರ್ಧ ಲೀಟರಿನ ಬಾಟಲಿಗೆ 150 ಗ್ರಾಂ ಹೆಸರುಬೇಳೆ, 150 ಗ್ರಾಂ ಮಸೂರ್ ಬೇಳೆ, 75 ಗ್ರಾಂ ನವಣೆ ಅಕ್ಕಿ. ಹಳದಿ, ಕಿತ್ತಳೆ, ಮತ್ತೆ ಕೆನೆಬಣ್ಣ. ಪದರವೂ ಚೆನ್ನಾಗಿಯೇ ಕಾಣುತ್ತದೆ, ಬೇಸರ ಬೇಡ. ಮೂರೂ ಹೆಚ್ಚುಕಮ್ಮಿ ಒಟ್ಟಿಗೆ ಬೇಯುತ್ತವೆ. ಬೇಳೆ ಕರಗಿ ಸೂಪ್ ದಪ್ಪವಾಗುತ್ತದೆ, ನವಣೆ ನಾಲಿಗೆಗೆ ಸಿಗುತ್ತದೆ. ನೆನೆಸುವುದೇನೂ ಬೇಡ. ಬಾರ್ಲಿ ಹಾಕುವವರೂ ಇದ್ದಾರೆ, ಆದರೆ ಅದರಲ್ಲಿ ಗೋಧಿ ಒಗ್ಗದವರಿಗೆ ಆಗದ ಗ್ಲೂಟೆನ್ ಇರುತ್ತದೆ, ಬೇಯಲು ಹೊತ್ತೂ ಜಾಸ್ತಿ. ನಮ್ಮ ನವಣೆಗೆ ಎರಡೂ ತೊಂದರೆ ಇಲ್ಲ. ನವಣೆಯ ತೌಡಿನಲ್ಲಿ ಎಣ್ಣೆ ಅಂಶ ಇರುವುದರಿಂದ ಹಳೆಯದಾದರೆ ಕಮಟು ಬರುತ್ತದೆ. ಕೊಳ್ಳುವಾಗ ಮೂಗಿನ ಹತ್ತಿರ ಹಿಡಿದು ನೋಡಿ.

ಬೇಳೆಯ ಮೇಲೆ ಬಾಟಲಿಯಲ್ಲಿ ಎರಡು ಬೆರಳು ಜಾಗ ಉಳಿಯುತ್ತದೆ. ಅಲ್ಲಿ ಎರಡು ಪೊಟ್ಟಣ. ಒಂದರಲ್ಲಿ ಮಸಾಲೆ: ಜೀರಿಗೆ 2 ಟೀ ಚಮಚ, ತರಿಯಾಗಿ ಕುಟ್ಟಿದ ಕಾಳುಮೆಣಸು 1 ಟೀ ಚಮಚ, ಅರಿಶಿನ ಅರ್ಧ, ಒಣ ಶುಂಠಿ ಪುಡಿ ಅರ್ಧ, ಮುರಿದ ಬ್ಯಾಡಗಿ ಮೆಣಸಿನಕಾಯಿ ಎರಡು, ಒಣಗಿಸಿದ ಕರಿಬೇವು ಒಂದು ಹಿಡಿ. ಇನ್ನೊಂದರಲ್ಲಿ ಹುಳಿ: ಆರು ಎಸಳು ಕೋಕಂ ಅಥವಾ 2 ಟೀ ಚಮಚ ಆಮ್ಚೂರ್. ಬಾಟಲಿಯನ್ನು ಎರಡು ಸಲ ಬೇಯಿಸಬಹುದು, ಒಂದು ಸಲಕ್ಕೆ ನಾಲ್ಕು ಬಟ್ಟಲು ಸೂಪ್. ಅರ್ಧ ಬಾಟಲಿ ಬೇಳೆಗೆ ಒಂದೂಕಾಲು ಲೀಟರ್ ನೀರು, ಅರ್ಧ ಮಸಾಲೆ, ಕುಕ್ಕರಿನಲ್ಲಿ ಮೂರು ವಿಸಿಲ್. ಆಮೇಲೆ ಅರ್ಧ ಹುಳಿ ಮತ್ತು ಉಪ್ಪು ಹಾಕಿ ಐದು ನಿಮಿಷ ಕುದಿ. ತೆರೆದ ಪಾತ್ರೆಯಾದರೆ ಅರ್ಧ ಗಂಟೆ.

ಬ್ಯಾಡಗಿಗೆ ಲಾಲ್‌ಬಾಗಿನ ಮಿರ್ಚಿ ಗಲ್ಲಿ ಅಥವಾ ಮಾಟುಂಗಾದ ಅಂಗಡಿಗಳಿಗೆ ಹೋಗಬಹುದು. ಹಾವೇರಿ ಜಿಲ್ಲೆಯ ಈ ಮೆಣಸಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಬೇರೆಯವರ ಮನೆಯ ಖಾರದ ಅಳತೆ ಗೊತ್ತಿಲ್ಲದಾಗ ಇದಕ್ಕಿಂತ ಒಳ್ಳೆಯ ಮೆಣಸು ಇಲ್ಲ. ಕೊಂಡು ತಂದದ್ದು ಸ್ವಲ್ಪ ಮೆತ್ತಗಿದ್ದರೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಮುರಿದಾಗ ಚಟ್ ಅನ್ನಬೇಕು.

ಕರಿಬೇವನ್ನು ತೊಳೆದು, ಒರೆಸಿ, ನಡುದಂಟಿನಿಂದ ಬಿಡಿಸಿ, ಬಟ್ಟೆಯ ಮೇಲೆ ಫ್ಯಾನಿನ ಕೆಳಗೆ ಒಣಗಿಸಿ. ಬಿಸಿಲಿಗಿಟ್ಟರೆ ಹಸಿರು ಹೋಗುತ್ತದೆ. ಒಂದು ಎಲೆಯನ್ನು ಮುಷ್ಟಿಯಲ್ಲಿ ಹಿಂಡಿ. ಪುಡಿಪುಡಿಯಾಗಿ ಉದುರಿದರೆ ಆಯಿತು, ಮಡಿಸಿಕೊಂಡರೆ ಇನ್ನೊಂದು ದಿನ ಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬಯಿಯಿಂದ ಮುಂಗಾರು ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ್ 8. ಒಣಗಿಸುವ ಕೆಲಸವನ್ನೆಲ್ಲ ಅದಾದ ಮೇಲೆ, ಅಕ್ಟೋಬರಿನ ಬೇಗೆಯಲ್ಲಿ ಇಟ್ಟುಕೊಳ್ಳಿ. ದೀಪಾವಳಿ ಬೇಗ ಬಂದ ವರ್ಷ ಓವನ್ ಬಳಸಿ, 60 ಡಿಗ್ರಿ, ಬಾಗಿಲು ಒಂದು ಬೆರಳು ತೆರೆದಿರಲಿ.

ಕ್ಯಾರೆಟ್, ಬಟಾಣಿ ಮನೆಯಲ್ಲಿ ಒಣಗಿಸಿ ಹಾಕಬೇಕೆಂಬ ಆಸೆ ಇದ್ದರೆ ಕೊಡುವ ಬಾಟಲಿಯಲ್ಲಿ ಬೇಡ, ನಿಮ್ಮ ಮನೆಗೆ ಮಾಡಿಕೊಳ್ಳಿ. ಅವನ್ನು ಮೊದಲು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ, ರುಚಿ ಕೆಡುತ್ತವೆ. ಒಣಗಿಸಿದ ಮೇಲೆ ಒಂದು ವಾರ ಬೇರೆ ಗಾಜಿನ ಡಬ್ಬದಲ್ಲಿಟ್ಟು ದಿನಾ ಅಲುಗಾಡಿಸಿ ನೋಡಬೇಕು. ಗಾಜಿನ ಒಳಗೆ ಮಂಜು ಕಂಡರೆ ಮತ್ತೆ ಓವನ್ನಿಗೆ. ತರಕಾರಿ ಬೇಕೇ ಬೇಕು ಅಂದರೆ ಕಾರ್ಖಾನೆಯಲ್ಲಿ ಒಣಗಿಸಿದ್ದನ್ನು ಕೊಳ್ಳಿ. ಗುಜರಾತಿನ ಮಹುವಾದಲ್ಲಿ ಈರುಳ್ಳಿ ಒಣಗಿಸುವ ದೊಡ್ಡ ಉದ್ಯಮವೇ ಇದೆ, ಆ ಪದರಗಳು ಮುಂಬಯಿಯಲ್ಲಿ ಸುಲಭವಾಗಿ ಸಿಗುತ್ತವೆ.

ಕೊಬ್ಬರಿ ಮತ್ತು ಗೋಡಂಬಿ ಹಾಕಬೇಡಿ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ. ಎರಡು ತಿಂಗಳಲ್ಲಿ ಕಮಟು ವಾಸನೆ ಬಂದು ಪಕ್ಕದ ಜೀರಿಗೆಯ ಪರಿಮಳವನ್ನೂ ಹಾಳುಮಾಡುತ್ತದೆ. ಬೇಕಾದವರು ತೆಂಗಿನಕಾಯಿ ಹಾಲು ಹಾಕಿಕೊಳ್ಳಲಿ, ಚೀಟಿಯಲ್ಲಿ ಒಂದು ಸಾಲು ಬರೆದರೆ ಸಾಕು.

ನನ್ನನ್ನು ಕೇಳಿದರೆ ಹನ್ನೆರಡರಲ್ಲಿ ನಾಲ್ಕು ಬಾಟಲಿಯನ್ನಾದರೂ ಹುರುಳಿಯದ್ದು ಮಾಡಿ. ಕೊಂಕಣದ ಮರಾಠಿಗರ ಮನೆಯಲ್ಲಿ ಕುಳೀಥ್ ಪಿಠಲೆ ಅಂದರೆ ಊರಿನ ನೆನಪು. ನಮ್ಮಲ್ಲಿ ಹುರುಳಿ ಸಾರು. ಎರಡೂ ಕಡೆಯವರಿಗೆ ಒಗ್ಗುವ ಕಾಳು ಇದು. ಇಡೀ ಹುರುಳಿ ಬೇಯುವುದು ಕಷ್ಟ, ಅದಕ್ಕೆ ಪುಡಿ ಮಾಡಬೇಕು. 250 ಗ್ರಾಂ ಹುರುಳಿಯಲ್ಲಿ ಮೊದಲು ಕಲ್ಲು ಆರಿಸಿ. ಇದರಲ್ಲಿ ಕಲ್ಲು ಕಾಳಿನ ಬಣ್ಣದ್ದೇ ಇರುತ್ತದೆ, ಅವಸರ ಮಾಡಬೇಡಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹುರಿಯಿರಿ. ಮೊದಲು ಹಸಿ ವಾಸನೆ ಬರುತ್ತದೆ, ಆಮೇಲೆ ಚಟಪಟ ಅಂದು ಸಿಪ್ಪೆ ಬಿರಿಯುತ್ತದೆ, ಹುರಿಗಾಳಿನ ಘಮ ಏಳುತ್ತದೆ. ಅಲ್ಲಿಗೆ ಇಳಿಸಿ. ನಂತರ ಎಂಟು ಬ್ಯಾಡಗಿ, 3 ಟೇಬಲ್ ಚಮಚ ಕೊತ್ತಂಬರಿ ಬೀಜ, ಜೀರಿಗೆ ಮತ್ತು ಕಾಳುಮೆಣಸು ಒಂದೊಂದು ಚಮಚ, ಕರಿಬೇವು, ಎಲ್ಲ ಬೇರೆ ಬೇರೆ ಹುರಿದು, ಆರಿಸಿ, ಒಟ್ಟಿಗೆ ಪುಡಿ ಮಾಡಿ. ಎಣ್ಣೆ ಹಾಕದೆ ಹುರಿಯಿರಿ, ಎಣ್ಣೆ ಸೋಕಿದ ಪುಡಿ ಬೇಗ ಕೆಡುತ್ತದೆ. ಮಿಕ್ಸಿಯಿಂದ ತೆಗೆದಾಗ ಪುಡಿ ಬಿಸಿಯಾಗಿರುತ್ತದೆ, ಮತ್ತೆ ತಟ್ಟೆಗೆ ಹರಡಿ ಆರಿಸಲೇಬೇಕು.

ಬಳಸುವುದು ಹೀಗೆ: ಎರಡು ಟೇಬಲ್ ಚಮಚ ಪುಡಿಯನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಅರ್ಧ ಲೀಟರ್ ಕುದಿಯುವ ನೀರಿಗೆ ಹಾಕಿ ಹತ್ತು ನಿಮಿಷ ಕುದಿಸಬೇಕು. ತಣ್ಣೀರು ಅನ್ನುವುದನ್ನು ಚೀಟಿಯಲ್ಲಿ ಮರೆಯದೆ ಬರೆಯಿರಿ. ಪುಡಿಯನ್ನು ನೇರವಾಗಿ ಬಿಸಿ ನೀರಿಗೆ ಹಾಕಿದರೆ ಹೊರಗೆ ಬೆಂದು ಒಳಗೆ ಹಸಿ ಹಿಟ್ಟಿರುವ ಉಂಡೆಗಳಾಗುತ್ತವೆ. ಕೊನೆಗೆ ಎರಡು ಎಸಳು ಕೋಕಂ. ತುಪ್ಪ, ಬೆಳ್ಳುಳ್ಳಿಯ ಒಗ್ಗರಣೆ ಅವರವರ ಇಷ್ಟ.

ಜೈನರ ಮನೆಗೆ ಕೊಡುವ ಬಾಟಲಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್, ಆಲೂಗಡ್ಡೆ ಇರಬಾರದು ಅಂತ ನಿಮಗೆ ಗೊತ್ತೇ ಇದೆ. ಹಸಿ ಶುಂಠಿ ತಿನ್ನದವರಲ್ಲೂ ಅನೇಕರು ಒಣ ಶುಂಠಿ ತಿನ್ನುತ್ತಾರೆ, ಆದರೂ ಒಮ್ಮೆ ಕೇಳಿಬಿಡಿ. ಹೆಚ್ಚಿನವರು ಗಮನಿಸದ ವಿಷಯ ಇನ್ನೊಂದಿದೆ. ದೀಪಾವಳಿ ಬರುವುದು ಚಾತುರ್ಮಾಸದ ಒಳಗೆ. ಆ ನಾಲ್ಕು ತಿಂಗಳು ಸೊಪ್ಪು ತಿನ್ನದ ಜೈನರ ಮನೆಗಳು ಬಹಳ. ಹಾಗಾಗಿ ಅವರ ಬಾಟಲಿಗೆ ಒಣ ಕರಿಬೇವು, ನುಗ್ಗೆಸೊಪ್ಪಿನ ಪುಡಿ ಬೇಡ. ಜೀರಿಗೆ, ಮೆಣಸು, ಇಂಗು ಸಾಕು, ರುಚಿಗೆ ಏನೂ ಕಡಿಮೆಯಾಗಲ್ಲ. ನಮ್ಮವರಲ್ಲೇ ದ್ವಿದಳ ವ್ರತ ಹಿಡಿಯುವ ಮಾಧ್ವರ ಮನೆಯಲ್ಲಿ ಆ ಹೊತ್ತಿಗೆ ಬೇಳೆಯನ್ನೇ ಮುಟ್ಟುವುದಿಲ್ಲ. ಬಾಟಲಿ ಕೊಡಿ, ವ್ರತ ಮುಗಿದ ಮೇಲೆ ಬೇಯಿಸುತ್ತಾರೆ. ಮಸೂರ್ ತಿನ್ನದ ಮನೆಗೆ ಪೂರ್ತಿ ಹೆಸರುಬೇಳೆಯೇ ಇರಲಿ.

ಇಂಗಿನ ಬಗ್ಗೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಅಥವಾ ಮೈದಾ ಬೆರೆತಿರುತ್ತದೆ. ಗೋಧಿ ಒಗ್ಗದವರಿಗೆ ಇದು ತೊಂದರೆ. ಡಬ್ಬಿಯ ಹಿಂದೆ ಓದಿ, ಗೋಧಿ ಇದ್ದರೆ ನಿಮ್ಮ ಚೀಟಿಯಲ್ಲಿ ಬರೆಯಿರಿ.

ಬಾಟಲಿ ಅಗಲ ಬಾಯಿಯದ್ದಾಗಿರಲಿ, ಮುಚ್ಚಳದೊಳಗೆ ರಬ್ಬರ್ ಸುತ್ತು ಇರಲಿ. ಉಪ್ಪಿನಕಾಯಿ ಬಾಟಲಿ ತೊಳೆದು ಬಳಸುವುದಾದರೆ ಮುಚ್ಚಳ ಮಾತ್ರ ಹೊಸದು ಬೇಕು. ಗಾಜಿನ ವಾಸನೆ ಹೋಗುತ್ತದೆ, ಮುಚ್ಚಳದ್ದು ಹೋಗುವುದಿಲ್ಲ. ತೊಳೆದ ಬಾಟಲಿಯ ತಿರುಪಿನ ಸಂದಿಯಲ್ಲಿ ಒಂದು ಹನಿ ನೀರು ಉಳಿದಿರುತ್ತದೆ, ಒರೆಸಿದರೂ ಕಾಣಲ್ಲ. ಬೋರಲು ಹಾಕಿ ಒಂದು ಪೂರ್ತಿ ದಿನ ಒಣಗಿಸಿ.

ಪುಣೆಗೆ, ಮಡಗಾಂವಿಗೆ ಕಳಿಸುವಾಗ ಗಾಜು ಬೇಡ. ದಾರಿಯ ಕುಲುಕಾಟಕ್ಕೆ ಪದರ ಹೇಗೂ ಉಳಿಯಲ್ಲ, ಸಣ್ಣ ಕಾಳು ದೊಡ್ಡ ಕಾಳಿನ ಸಂದಿಗೆ ಇಳಿದು ಎಲ್ಲ ಒಂದಾಗುತ್ತದೆ. ಗಟ್ಟಿ ಜಿಪ್ ಚೀಲಕ್ಕೆ ತುಂಬಿ, ಅದನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಕಳಿಸಿ. ಡಬ್ಬಿಯೂ ಉಡುಗೊರೆಯಾಯಿತು. ಅತ್ತಿಗೆಯ ಪೊಟ್ಟಣದಲ್ಲಿ ಕೋಕಂ ಹಾಕುವ ಅಗತ್ಯವೇ ಇಲ್ಲ, ಗೋವಾದಲ್ಲಿ ನಿಮಗಿಂತ ಒಳ್ಳೆಯದು ಅವರಿಗೇ ಸಿಗುತ್ತದೆ.

ಎಷ್ಟು ದಿನ ಇರುತ್ತದೆ? ಬೇಳೆಯ ಬಾಟಲಿ ನಾಲ್ಕು ತಿಂಗಳು ಧಾರಾಳ. ಹುರುಳಿ ಪುಡಿ ಎರಡರಿಂದ ಮೂರು ತಿಂಗಳು. ಕೆಡದಿದ್ದರೂ ಆಮೇಲೆ ಘಮ ಇಳಿಯುತ್ತದೆ. ಬೇಸಿಗೆ ಮುಗಿಯುವ ಮುಂಚೆ ಬಳಸಿ, ಮಳೆಗಾಲಕ್ಕೆ ಉಳಿಸಬೇಡಿ ಅಂತಲೇ ಬರೆದುಬಿಡಿ. ಚೀಟಿಯಲ್ಲಿ ಮಾಡಿದ ದಿನ, ಬಳಸಬೇಕಾದ ಕೊನೆಯ ತಿಂಗಳು, ಒಳಗೆ ಏನೇನಿದೆ, ಹೇಗೆ ಬೇಯಿಸಬೇಕು, ಉಪ್ಪು ಹಾಕಿಲ್ಲ ಅನ್ನುವುದು, ಇಷ್ಟೂ ಇರಬೇಕು. ಮರಾಠಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ, ಕನ್ನಡದ ಮನೆಗೆ ಕನ್ನಡದಲ್ಲಿ. ಚೀಟಿಯನ್ನು ಕುತ್ತಿಗೆಗೆ ದಾರದಲ್ಲಿ ಕಟ್ಟಿದರೆ ಎರಡು ದಿನದಲ್ಲಿ ಕಳೆದುಹೋಗುತ್ತದೆ. ಬಾಟಲಿಗೇ ಅಂಟಿಸಿ.

ಮಾರುವ ಮಾತು ಸದ್ಯಕ್ಕೆ ಬಿಡಿ. ಕೊಡುವುದಕ್ಕೆ ಯಾರ ಅನುಮತಿಯೂ ಬೇಡ. ದುಡ್ಡು ತೆಗೆದುಕೊಂಡರೆ ಮನೆಯಲ್ಲೇ ಮಾಡಿದ್ದಾದರೂ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಚೀಟಿಗೂ ನಿಯಮಗಳಿವೆ. ಒಂದು ವರ್ಷ ಕೊಟ್ಟು ನೋಡಿ, ಖಾಲಿ ಬಾಟಲಿ ಹಿಡಿದು ಯಾರು ಯಾರು ವಾಪಸ್ ಬರುತ್ತಾರೆ ಅಂತ ನೋಡಿ, ಆಮೇಲೆ ಯೋಚಿಸಿ.

ಹನ್ನೆರಡು ಮನೆ, ಪುಣೆ, ಮಡಗಾಂವ್, ಪರೀಕ್ಷೆಗೆ ಒಂದು ಅಂತ ಹದಿನೈದರ ಲೆಕ್ಕ ಹಿಡಿಯಿರಿ. ಎಲ್ಲವನ್ನೂ ಬೇಳೆಯದ್ದೇ ಮಾಡುವುದಾದರೆ ಹೆಸರುಬೇಳೆ, ಮಸೂರ್ ತಲಾ ಎರಡೂಕಾಲು ಕೆಜಿ, ನವಣೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ. ಆದರೆ ಒಮ್ಮೆಗೇ ಅಷ್ಟೂ ತರಬೇಡಿ. ಮೊದಲು ಅರ್ಧರ್ಧ ಕೆಜಿ ತಂದು ಒಂದು ಬಾಟಲಿ ಮಾಡಿ, ಹತ್ತು ದಿನ ಕಪಾಟಿನಲ್ಲಿಡಿ. ಆಮೇಲೆ ನೀವು ಬೇಯಿಸಬೇಡಿ, ಮನೆಯವರಲ್ಲಿ ಅಡುಗೆ ಅಷ್ಟಾಗಿ ಬಾರದವರ ಕೈಗೆ ಬಾಟಲಿ ಕೊಟ್ಟು, ಚೀಟಿ ಓದಿಕೊಂಡು ಬೇಯಿಸಲು ಹೇಳಿ. ನೀವು ಪಕ್ಕದಲ್ಲಿ ನಿಂತು ಏನೂ ಹೇಳಬಾರದು. ಅವರು ಎಲ್ಲಿ ನಿಂತು ನಿಮ್ಮನ್ನು ಕೇಳುತ್ತಾರೋ ಆ ಸಾಲನ್ನು ತಿದ್ದಿ ಬರೆಯಿರಿ. ಬೇಳೆ ಬೇಯದಿದ್ದರೆ ಅಂಗಡಿ ಬದಲಿಸಿ, ಆಗಲೂ ನಿಮ್ಮ ಕೈಯಲ್ಲಿ ಸಮಯ ಇರುತ್ತದೆ.